ದೂತಿಗೊಂದು ಜಾಲತಾಣ

ಉತ್ತರ ಕರ್ನಾಟಕದ ಬಯಲಾಟವಾದ ಶ್ರೀಕೃಷ್ಣ ಪಾರಿಜಾತದ ಮೇಳವೊಂದರಲ್ಲಿ ದೂತಿ ಎಂಬ ಹೆಣ್ಣಿನ ಪಾತ್ರ ಮಾಡುವ ನನ್ನ ಗೆಳೆಯನಿಗೆ, ಈ ಸಲದ ಜಾತ್ರೆಗಳ ಹಂಗಾಮು ಶುರುವಾಗುವ ಮೊದಲು, ಒಂದು ಜಾಲತಾಣ ಮಾಡಿಕೊಟ್ಟೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಘಟಪ್ರಭೆಯ ದಂಡೆಯಲ್ಲಿರುವ ಅವನ ಊರಿನಲ್ಲಿಯೂ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಹಗಲೆಲ್ಲ ಕಬ್ಬಿಗೆ ನೀರು ಹಾಯಿಸುತ್ತ ಹೊಲದಲ್ಲಿರುವ ಆ ಮನುಷ್ಯನನ್ನು ಜನ ‘ದೂತಿ’ ಎಂದೇ ಕೂಗುತ್ತಾರೆ, ಅವನೂ ಓಗೊಡುತ್ತಾನೆ. ಆದ್ದರಿಂದ ಈ ಬರಹದಲ್ಲಿಯೂ ಅವನು ದೂತಿಯೇ.

ನಾನು ಬಾಗಲಕೋಟೆಯ ನವನಗರದಲ್ಲಿ ಕುಳಿತು ಬಟ್ಟೆ ಅಂಗಡಿ, ದವಾಖಾನೆ, ಪತ್ತಿನ ಸಹಕಾರಿ ಸಂಘ ಮುಂತಾದವುಗಳಿಗೆ ಜಾಲತಾಣ ಮಾಡಿಕೊಡುವವನು. ಆ ಕೆಲಸದಲ್ಲಿ ನಗುವಿಗೆ ಜಾಗವಿಲ್ಲ. ಠೇವಣಿಯ ಬಡ್ಡಿದರದ ಪಕ್ಕದಲ್ಲಿ ಅಕ್ಷರಗಳು ಕುಣಿಯತೊಡಗಿದರೆ ಠೇವಣಿದಾರರು ಗಾಬರಿಯಾಗುತ್ತಾರೆ. ದೂತಿಯ ಬೇಡಿಕೆ ಇದಕ್ಕೆ ತೀರ ವಿರುದ್ಧವಾಗಿತ್ತು. “ನಮಗೂ ಒಂದು ಸೈಟ್ ಮಾಡಿಕೊಡಪಾ ದೋಸ್ತ. ಆದ್ರ ಸೊಸೈಟಿ ಸೈಟ್ ಇದ್ದಂಗ ಇರಬಾರ್ದು ನೋಡು. ತೆಗದ್ರ ನಗು ಬರಬೇಕು, ನಗಕೋತನ ಫೋನ್ ಹಚ್ಚಬೇಕು” ಎಂದಿದ್ದ. ಈ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿದ್ದವು ಮತ್ತು ಅವೆರಡಕ್ಕೂ ಒಂದಕ್ಕೊಂದು ಅಡ್ಡ ಬರುವ ಸ್ವಭಾವವಿತ್ತು ಎಂಬುದರ ಸುತ್ತಲೇ ಮುಂದಿನ ಕೆಲಸವೆಲ್ಲ ನಡೆಯಿತು.

ಪಾರಿಜಾತದ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವುದೇ: ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಕೇಳಿದ ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಆ ಮುನಿಸು ಇಳಿಯುವ ಹೊತ್ತಿಗೆ ಮೂಡಣ ಬೆಳಗಾಗಿರುತ್ತದೆ. ಅಪರಾಳ ತಮ್ಮಣ್ಣನಿಂದ ಹುಟ್ಟಿ, ಬೆಳಗಾವಿ ಜಿಲ್ಲೆಯ ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರ ಮೂಲಕ ಊರೂರಿಗೆ ಹಬ್ಬಿದ ಈ ಆಟದಲ್ಲಿ ಹಾಡುಗಳು ಮೊದಲೇ ಗೊತ್ತಾದವು, ಮಾತು ಮಾತ್ರ ಆಯಾ ರಾತ್ರಿಯದು. ಆ ಮಾತಿನ ಬಹುಪಾಲು ಹೊರೆಯನ್ನು ಹೊರುವವರು ಭಾಗವತ ಮತ್ತು ದೂತಿ. ಭಾಮೆಯ ಸಿಟ್ಟನ್ನು ಕೃಷ್ಣನಿಗೆ ಮುಟ್ಟಿಸುವುದು, ಕೃಷ್ಣನ ನೆವಗಳನ್ನು ಭಾಮೆಗೆ ತಲುಪಿಸುವುದು, ನಡುವೆ ನಿದ್ದೆಗೆ ಜಾರುತ್ತಿರುವ ಮುಂದಿನ ಸಾಲಿನವರನ್ನು ಹೆಸರು ಕೂಗಿ ಎಬ್ಬಿಸುವುದು, ಊರಿನ ಪಂಚಾಯತಿ ಸದಸ್ಯರ ಕಾಲೆಳೆಯುವುದು, ಎಲ್ಲವೂ ದೂತಿಯ ಪಾಲಿಗೆ ಬರುತ್ತದೆ.

ಇಂಥವನಿಗೆ ಕಲಾವಿದರ ಜಾಲತಾಣಗಳಿಗೆಂದು ಸಿದ್ಧವಾಗಿ ಸಿಗುವ ಅಚ್ಚುಗಳು (ಟೆಂಪ್ಲೇಟುಗಳು) ಹೊಂದುವುದಿಲ್ಲ. ಕಪ್ಪು ನೆಲ, ನಡುವೆ ಒಂದು ದೊಡ್ಡ ಭಾವಚಿತ್ರ, ಮೆಲ್ಲಗೆ ಮೇಲೇಳುವ ಹೆಸರು, ಕೆಳಗೆ ‘ನನ್ನ ಬಗ್ಗೆ’, ‘ಚಿತ್ರಗಳು’, ‘ಸಂಪರ್ಕ’ ಎಂಬ ಮೂರು ಗುಂಡಿಗಳು. ಇದು ಪಿಟೀಲು ನುಡಿಸುವವರಿಗೂ ಒಪ್ಪುತ್ತದೆ, ಮದುವೆಯ ಫೋಟೋ ತೆಗೆಯುವವರಿಗೂ ಒಪ್ಪುತ್ತದೆ. ಅದರ ಮೇಲೆ ಕೊಳಲು, ನವಿಲುಗರಿ, ಮೇಲಿನಿಂದ ಉದುರುವ ಹೂಗಳನ್ನು ಅಂಟಿಸಿದ ಮಾತ್ರಕ್ಕೆ ಪಾರಿಜಾತದ ತಾಣವಾಗುವುದಿಲ್ಲ, ಕೃಷ್ಣಾಷ್ಟಮಿಯ ಶುಭಾಶಯ ಪತ್ರವಾಗುತ್ತದೆ. ತಮಾಷೆಯ ತಾಣವೆಂದರೆ ಬಹಳಷ್ಟು ವಿನ್ಯಾಸಕಾರರು ಅಲ್ಲಾಡುವ ವಸ್ತುಗಳನ್ನು ಗುಡ್ಡೆ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಲಾವಿದನ ತಾಣದ ಆಟವು ಅವನ ಕಲೆಯೊಳಗೇ ಇರುವ ಯಾವುದಾದರೊಂದು ವರಸೆಯಿಂದ ಹುಟ್ಟಬೇಕು. ಇನ್ನೊಬ್ಬ ಕಲಾವಿದನ ಹೆಸರು ಹಾಕಿದರೆ ಆ ಆಟ ಕೆಡಬೇಕು. ಕೆಡದಿದ್ದರೆ ಅದು ಬರಿಯ ಅಲಂಕಾರ.

ನಮಗೆ ಸಿಕ್ಕ ವರಸೆ ಆಟದ ಪ್ರವೇಶದಲ್ಲಿಯೇ ಇತ್ತು. ನಮ್ಮ ಬಯಲಾಟಗಳಲ್ಲಿ ರಂಗಕ್ಕೆ ಬಂದ ಪಾತ್ರ ನೇರವಾಗಿ ಕಥೆಗೆ ಇಳಿಯುವಂತಿಲ್ಲ. ಬಂದವರನ್ನು ತಡೆದು, ನೀವು ಯಾರು, ಯಾವ ಪಟ್ಟಣದವರು, ಬಂದ ಕಾರಣವೇನು ಎಂದು ಕೇಳಲಾಗುತ್ತದೆ. ರಾಜನೇ ಆದರೂ ನಿಂತು ಉತ್ತರ ಕೊಡಬೇಕು. ಹಾಗಾದರೆ ತಾಣಕ್ಕೆ ಬಂದವರನ್ನೂ ದೂತಿ ತಡೆಯಲಿ ಎಂದು ತೀರ್ಮಾನಿಸಿದೆವು. ಪುಟ ತೆರೆದಾಗ ಬಲಬದಿಯಿಂದ ದೂತಿ ಅರ್ಧ ಮುಖ ಹೊರಗೆ ಹಾಕಿ, “ಯಾರ್ರೀ ಅದು? ಚಪ್ಲಿ ಅಲ್ಲೇ ಬಿಡ್ರಿ. ಯಾತಕ್ಕ ಬಂದ್ರಿ?” ಎಂದು ಕೇಳುತ್ತಾಳೆ. ಉತ್ತರಗಳು ಮೂರು: “ಆಟ ಇಡಸಾಕ ಬಂದೀವ್ರಿ”, “ಆಟ ನೋಡಾಕ ಬಂದೀವ್ರಿ”, “ಸುಮ್ನ ಬಂದೀನ್ರಿ”. ಮೊದಲನೆಯದನ್ನು ಒತ್ತಿದವರಿಗೆ, “ಅಯ್ಯ ನಮ್ಮ ಯಜಮಾನ್ರ, ಮೊದ್ಲ ಹೇಳಬಾರ್ದ!” ಎಂದು ಸೆರಗು ಸರಿಪಡಿಸಿಕೊಂಡು ನೇರವಾಗಿ ತಾರೀಖುಗಳ ಕಡೆಗೆ ಕರೆದೊಯ್ಯುತ್ತಾಳೆ. ಎರಡನೆಯವರಿಗೆ, “ಕಂಬಳಿ ತಂದೀರಿಲ್ಲೊ?” ಎಂದು ಕೇಳಿ ವಿಡಿಯೋ ತುಣುಕುಗಳನ್ನು ತೋರಿಸುತ್ತಾಳೆ. ಮೂರನೆಯವರ ಪಾಡು ಬೇರೆ. “ಸುಮ್ನ ಬಂದವ್ರನ್ನ ಸುಮ್ನ ಕಳಸೂದಿಲ್ಲ ನಾವು” ಎಂದು ಅವರನ್ನು ಹಿಡಿದು ಕೂರಿಸುತ್ತಾಳೆ.

ಈ ಪ್ರಶ್ನೋತ್ತರವನ್ನು ಬರೆಯುವುದು ಸುಲಭವಾಯಿತು, ಹೊತ್ತು ಹೊಂದಿಸುವುದೇ ಕಷ್ಟವಾಯಿತು. ತೆರೆಯ ಮೇಲಿನ ಚಲನೆಗಳನ್ನು ನಾವು ಸಾಮಾನ್ಯವಾಗಿ 200ರಿಂದ 300 ಮಿಲಿಸೆಕೆಂಡುಗಳಲ್ಲಿ ಮುಗಿಸುತ್ತೇವೆ; ಅದಕ್ಕಿಂತ ನಿಧಾನವಾದರೆ ಬಳಸುವವರಿಗೆ ತಾಣ ಮಂದವೆನಿಸುತ್ತದೆ ಎಂಬುದು ಕಸುಬಿನ ಪಾಠ. ದೂತಿ ನನ್ನ ಪಕ್ಕದಲ್ಲಿ ಕುಳಿತು ಅದನ್ನು ನೋಡಿ ಒಪ್ಪಲಿಲ್ಲ. “ನೀ ಭಾಳ ಲಗೂನ ಮಾತಾಡಸಾಕತ್ತಿ. ನಗು ಮಾತಿನಾಗ ಇರೂದಿಲ್ಲಲೇ, ಮಾತಿನ ಮೊದ್ಲ ನಿಂದರತೀನಲ್ಲ, ಅಲ್ಲಿ ಇರತೈತಿ” ಎಂದ. ಆಮೇಲೆ ಅವನು ಕೈಯಲ್ಲಿ ತಾಳ ಹಾಕುತ್ತ ಹೋದ, ನಾನು ಅಂಕಿಗಳನ್ನು ಬದಲಿಸುತ್ತ ಹೋದೆ. ಅವನಿಗೆ ಬೇಕಾದ ನಿಲುಗಡೆ ಒಂದು ಸೆಕೆಂಡಿಗೂ ಮೀರಿದ್ದು.

ಅಲ್ಲಿ ರಂಗಕ್ಕೂ ತೆರೆಗೂ ಇರುವ ವ್ಯತ್ಯಾಸ ಎದುರಾಯಿತು. ರಂಗದ ಮೇಲೆ ದೂತಿ ಮಾತಿಲ್ಲದೆ ನಿಂತರೂ ಅವಳ ಮೈ ಇರುತ್ತದೆ, ಹುಬ್ಬು ಇರುತ್ತದೆ, ಪೇಟಿಯ (ಹಾರ್ಮೋನಿಯಂ) ಒಂದು ಎಳೆ ಸ್ವರ ಇರುತ್ತದೆ. ಜನ ಕಾಯುತ್ತಾರೆ, ಏಕೆಂದರೆ ಏನೋ ಬರುತ್ತಿದೆ ಎಂಬುದು ಅವರಿಗೆ ಕಾಣುತ್ತಿರುತ್ತದೆ. ಫೋನಿನ ತೆರೆಯ ಮೇಲೆ ಒಂದು ಸೆಕೆಂಡು ಏನೂ ಆಗದಿದ್ದರೆ ನೆಟ್‌ವರ್ಕ್ ಹೋಯಿತೆಂದು ಜನ ಹಿಂದಕ್ಕೆ ಹೋಗುತ್ತಾರೆ. ಆದ್ದರಿಂದ ನಿಲುಗಡೆಯನ್ನು ಖಾಲಿ ಬಿಡದೆ ಅದಕ್ಕೊಂದು ಮೈ ಕೊಡಬೇಕಾಯಿತು. ಉತ್ತರ ಒತ್ತಿದ ಕೂಡಲೇ, 100 ಮಿಲಿಸೆಕೆಂಡಿನೊಳಗೆ, ದೂತಿಯ ಕಣ್ಣುಗುಡ್ಡೆ ಆ ಉತ್ತರದ ಕಡೆಗೆ ಹೊರಳುತ್ತದೆ. ಆಮೇಲೆ ಹುಬ್ಬೊಂದು ನಿಧಾನವಾಗಿ ಏರುತ್ತದೆ. ಅದು ಏರಿ ನಿಂತ ಮೇಲೆ ಮಾತು ಬರುತ್ತದೆ. ಒತ್ತಿದ್ದು ಕೇಳಿಸಿತು ಎಂಬ ಸೂಚನೆ ತಕ್ಷಣ ಸಿಗುತ್ತದೆ, ಉತ್ತರ ಮಾತ್ರ ತಡವಾಗುತ್ತದೆ. ಈ ಎರಡನ್ನು ಬೇರ್ಪಡಿಸಿದ್ದೇ ಈ ತಾಣದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ಕೆಲಸ. ದೂತಿಯ ಚಿತ್ರವನ್ನು ಎಸ್‌ವಿಜಿ ರೂಪದಲ್ಲಿ (ಗೆರೆಗಳನ್ನು ಲೆಕ್ಕವಾಗಿ ಬರೆದಿಡುವ ಕ್ರಮ) ಬರೆದು, ಕಣ್ಣುಗುಡ್ಡೆ, ಹುಬ್ಬು, ಮೂಗುತಿ, ಸೆರಗುಗಳನ್ನು ಬೇರೆ ಬೇರೆ ತುಂಡುಗಳಾಗಿ ಇಟ್ಟಿರುವುದರಿಂದ ಇಷ್ಟೆಲ್ಲ ಅಭಿನಯಕ್ಕೆ, ಪುಟದ ರೂಪವನ್ನು ಹೇಳುವ ಸಿಎಸ್‌ಎಸ್‌ನ ಕೆಲವೇ ಸಾಲುಗಳು ಸಾಕಾದವು, ವಿಡಿಯೋ ಬೇಕಾಗಲಿಲ್ಲ.

ಇಷ್ಟಾದರೂ ಆಟ ಇಡಿಸಲು ಬಂದ ಮನುಷ್ಯನಿಗೆ ಈ ಹುಬ್ಬು ನೋಡುವ ವ್ಯವಧಾನ ಇರಲೇಬೇಕೆಂದಿಲ್ಲ. ಜಾತ್ರಾ ಕಮಿಟಿಯ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕುಳಿತು, ಯಾರದೋ ಮಗನ ಕೈಯಲ್ಲಿದ್ದ ಫೋನಿನಲ್ಲಿ ತಾಣ ತೆರೆಸಿ, ತಾರೀಖು ಖಾಲಿ ಇದೆಯೇ, ಸಂಚಕಾರ (ಮುಂಗಡ) ಎಷ್ಟು, ಎಷ್ಟು ಜನ ಬರುತ್ತಾರೆ, ಊಟ ಯಾರದು ಎಂದು ಕೇಳುತ್ತಾರೆ. ಅವರಿಗೆ ನಗು ಬೇಡವೆಂದಲ್ಲ, ಮೊದಲು ಕೆಲಸ ಆಗಬೇಕು. ಆದ್ದರಿಂದ ಪುಟದ ಕೆಳತುದಿಯಲ್ಲಿ ಒಂದು ಪಟ್ಟಿ ಯಾವಾಗಲೂ ಅಂಟಿಕೊಂಡಿರುತ್ತದೆ. ಅದು ಕುಣಿಯುವುದಿಲ್ಲ, ಮಾತಾಡುವುದಿಲ್ಲ, ಬಣ್ಣ ಬದಲಿಸುವುದಿಲ್ಲ. ಎಡಕ್ಕೆ ‘ಫೋನ್ ಹಚ್ಚರಿ’, ಬಲಕ್ಕೆ ‘ವಾಟ್ಸಾಪ್ ಮಾಡ್ರಿ’ ಎಂದಷ್ಟೇ ಇದೆ. ಮೊದಲನೆಯದನ್ನು ಒತ್ತಿದರೆ ಫೋನು ನೇರವಾಗಿ ಕರೆಗೆ ಸಿದ್ಧವಾಗುತ್ತದೆ; ಎರಡನೆಯದನ್ನು ಒತ್ತಿದರೆ ‘ನಮ್ಮ ಊರು ___, ತಾರೀಖು ___, ಯಾವ ಕಾರ್ಯಕ್ರಮ ___’ ಎಂಬ ಅರ್ಧ ಬರೆದ ಸಂದೇಶ ವಾಟ್ಸಾಪಿನಲ್ಲಿ ತೆರೆದುಕೊಳ್ಳುತ್ತದೆ. ವೀಳ್ಯ ಕೊಟ್ಟು ಆಟ ಗೊತ್ತುಮಾಡಲು ಹೇಗೂ ಅವರು ಊರಿಗೆ ಬಂದೇ ಬರುತ್ತಾರೆ. ಅಲ್ಲಿಯವರೆಗಿನ ವಿಚಾರಣೆಯನ್ನು ಸರಳ ಮಾಡಿದರೆ ಸಾಕಿತ್ತು. ನಗಿಸುವುದು ಏನಿದ್ದರೂ ಮನುಷ್ಯ ಬಿಡುವಾಗಿರುವ ಕಡೆ, ಅವಸರ ಇರುವ ಕಡೆ ದಾರಿ ಬಿಟ್ಟು ನಿಲ್ಲುವುದು. ದೂತಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ, ಮಂಗಳಾರತಿ ನಡೆಯುವಾಗ ಅವನೂ ಚೇಷ್ಟೆ ಮಾಡುವುದಿಲ್ಲ.

ಆಟ ಮತ್ತು ಕೆಲಸ ಎರಡೂ ಒಂದೇ ಕಡೆ ಕೂಡಿಬಂದದ್ದು ತಾರೀಖುಗಳ ಪುಟದಲ್ಲಿ. ನಮ್ಮ ಹಳ್ಳಿಗಳಲ್ಲಿ ಜಾತ್ರೆಯ ದಿನವನ್ನು ಯಾರೂ ಇಂಗ್ಲಿಷ್ ತಾರೀಖಿನಲ್ಲಿ ಹೇಳುವುದಿಲ್ಲ. “ದವನದ ಹುಣ್ಣಿಮಿ ಆದ ಮ್ಯಾಲ ಬರೂ ಸೋಮಾರ” ಎನ್ನುತ್ತಾರೆ, “ಭಾರತ ಹುಣ್ಣಿಮಿ ಹಿಂದಿನ ದಿನ” ಎನ್ನುತ್ತಾರೆ. ಬಾದಾಮಿಯ ಬನಶಂಕರಿ ಜಾತ್ರೆ ಎಂದರೆ ಬನದ ಹುಣ್ಣಿಮೆ ಎಂದು ಬೇರೆ ಹೇಳಬೇಕಾಗಿಲ್ಲ. ಚೌಕಾಕಾರದ ತಿಂಗಳ ಕ್ಯಾಲೆಂಡರನ್ನು ತೋರಿಸಿದರೆ ಅವರು ಅದನ್ನು ಬದಿಗಿಟ್ಟು ಗೋಡೆಯ ಮೇಲಿನ ತೂಗುಪಂಚಾಂಗ ನೋಡುತ್ತಾರೆ. ಆದ್ದರಿಂದ ಪುಟದ ಮೇಲೆ ಚೌಕಗಳ ಬದಲು ಚಂದ್ರರನ್ನು ಇಟ್ಟೆ: ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರಹುಣ್ಣಿಮೆ, ಕಡ್ಲಿಗಡಬ ಹುಣ್ಣಿಮೆ, ನೂಲಹುಣ್ಣಿಮೆ, ಹೀಗೆ ಹೋಳಿಹುಣ್ಣಿಮೆಯ ತನಕ. ಒಂದು ಚಂದ್ರನನ್ನು ಒತ್ತಿದರೆ ಅದರ ಹಿಂದೆ ಮುಂದೆ ಇರುವ ಹದಿನೈದು ಹದಿನೈದು ದಿನಗಳು ಸಾಲಾಗಿ ಬಿಚ್ಚಿಕೊಳ್ಳುತ್ತವೆ. ಪ್ರತಿ ದಿನದ ಕೆಳಗೆ ವಾರವೂ ಇಂಗ್ಲಿಷ್ ತಾರೀಖೂ ಇರುತ್ತವೆ, ಗೊತ್ತಾದ ದಿನಗಳ ಮೇಲೆ ಊರಿನ ಹೆಸರು ಇರುತ್ತದೆ. ಮೇಳಕ್ಕೆ ಹೆಚ್ಚು ಆಟಗಳಿರುವ ತಿಂಗಳ ಚಂದ್ರ ದಪ್ಪಗಿರುತ್ತಾನೆ, ಮಳೆಗಾಲದ ಚಂದ್ರರು ಸಣಕಲಾಗಿ ಆಕಳಿಸುತ್ತಿರುತ್ತಾರೆ. ಈ ಚೇಷ್ಟೆಗೆ ಅರ್ಥವಿದೆ: ಯಾವ ತಿಂಗಳು ಬಿಡುವಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ತಿಥಿಗಳನ್ನು ಲೆಕ್ಕ ಹಾಕುವ ಕ್ರಮವಿಧಿಗಳು ಸಿಗುತ್ತವೆ, ಆದರೆ ನಾನು ಅವುಗಳ ತಂಟೆಗೆ ಹೋಗಲಿಲ್ಲ. ಹುಣ್ಣಿಮೆ ಎರಡು ದಿನಗಳ ಮೇಲೆ ಹರಡಿಕೊಂಡಾಗ ಊರಿನವರು ಯಾವ ದಿನ ಹಬ್ಬ ಮಾಡುತ್ತಾರೆಂಬುದನ್ನು ಗುಡಿಯ ಪೂಜಾರಿಗಳು ಹೇಳಬೇಕು, ಕಂಪ್ಯೂಟರ್ ಅಲ್ಲ. ವರ್ಷಕ್ಕೊಮ್ಮೆ ಪಂಚಾಂಗ ನೋಡಿ ಕೈಯಿಂದ ತುಂಬುವುದೇ ನೆಟ್ಟಗೆ. 2026ರ ಹಾಗೆ ಅಧಿಕಮಾಸ ಬೀಳುವ ವರ್ಷದಲ್ಲಿ ಹದಿಮೂರನೆಯ ಚಂದ್ರನೊಬ್ಬನನ್ನು ಸೇರಿಸಬೇಕಾಗುತ್ತದೆ. ಅವನನ್ನು ಒತ್ತಿದರೆ ದೂತಿ, “ಇವ ಕರೀದ ಬಂದ ಬೀಗ್ರಣ್ಣ. ಇವ ಹೋಗೂಮಟ ನಮ್ಗೂ ಕೆಲ್ಸಿಲ್ಲ” ಎನ್ನುತ್ತಾಳೆ. ಗೊತ್ತಾದ ಆಟಗಳ ಪಟ್ಟಿ ಗೂಗಲ್ ಶೀಟ್ ಒಂದರಲ್ಲಿದೆ. ಅದನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯವಾದ ಸಿಎಸ್‌ವಿಯಾಗಿ ಪ್ರಕಟಿಸಿ, ಪುಟ ತೆರೆದಾಗ ಓದಿಕೊಳ್ಳುವಂತೆ ಮಾಡಿದ್ದೇನೆ. ದೂತಿಯ ತಂಗಿಯ ಮಗಳು ಕಾಲೇಜಿನಿಂದ ಬಂದ ಮೇಲೆ ಫೋನಿನಲ್ಲಿಯೇ ಊರು, ದಿನ ತುಂಬುತ್ತಾಳೆ. ಇದಕ್ಕೆ ಬೇರೆ ಸರ್ವರ್ ಇಲ್ಲ, ಪಾಸ್‌ವರ್ಡ್ ಮರೆತು ನನಗೆ ರಾತ್ರಿ ಫೋನ್ ಬರುವ ಭಯವೂ ಇಲ್ಲ.

ಇನ್ನು ಅಕ್ಷರಗಳ ವಿಚಾರ. ಕನ್ನಡದಲ್ಲಿ ತಮಾಷೆಯ ತಾಣ ಮಾಡುವವರು ಇದನ್ನು ಸ್ವಲ್ಪ ವಿವರವಾಗಿ ಓದಲಿ, ಏಕೆಂದರೆ ಇಂಗ್ಲಿಷ್ ತಾಣಗಳಿಂದ ಎತ್ತಿ ತಂದ ಯುಕ್ತಿಗಳು ಇಲ್ಲಿ ಮುಗ್ಗರಿಸುತ್ತವೆ. ಹೆಸರಿನ ಅಕ್ಷರಗಳು ಒಂದೊಂದಾಗಿ ಜಿಗಿಯಬೇಕೆಂದರೆ ಮೊದಲು ಹೆಸರನ್ನು ಬಿಡಿಬಿಡಿ ಮಾಡಬೇಕು. ಸಿಗುವ ಹಲವು ಜಾವಾಸ್ಕ್ರಿಪ್ಟ್ ತುಣುಕುಗಳು ಪದವನ್ನು ಕಂಪ್ಯೂಟರು ಅಕ್ಷರದ ಭಾಗಗಳಿಗೆ ಬಳಸುವ ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಒಡೆಯುತ್ತವೆ. ‘ಶ್ರೀಕೃಷ್ಣ’ ಎಂಬಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು 3, ಸಂಕೇತಗಳು 9. ಹಾಗೆ ಒಡೆದಾಗ ಹಲಂತ (ವ್ಯಂಜನದ ಸ್ವರ ಕಳೆಯುವ ಚಿಹ್ನೆ), ಸ್ವರಚಿಹ್ನೆಗಳೆಲ್ಲ ಕಳಚಿ, ಚುಕ್ಕಿಯ ವರ್ತುಲಗಳ ಮೇಲೆ ಕುಳಿತು ಬೇರೆಬೇರೆಯಾಗಿ ಕುಣಿಯುತ್ತವೆ. ನೋಡಲು ನಗು ಬರುತ್ತದೆ ನಿಜ, ಆದರೆ ದೂತಿ ಕೇಳಿದ್ದು ಆ ನಗುವಲ್ಲ. ಈಗಿನ ಬ್ರೌಸರುಗಳಲ್ಲಿ ಇರುವ ಇಂಟ್ಲ್ ಸೆಗ್ಮೆಂಟರ್ ಎಂಬ ಸೌಲಭ್ಯ ಇದಕ್ಕಿಂತ ಮೇಲು, ಆದರೆ ಅದೂ ಕನ್ನಡದ ಒತ್ತಕ್ಷರವನ್ನು ಹಿಡಿದಿಡುವುದಿಲ್ಲ; ‘ಶ್’, ‘ರೀ’, ‘ಕೃ’, ‘ಷ್’, ‘ಣ’ ಎಂದು 5 ತುಂಡು ಮಾಡಿ ಕೊಡುತ್ತದೆ. ಪರಿಹಾರ ಸಣ್ಣದು: ಹಲಂತದಲ್ಲಿ ಕೊನೆಯಾಗುವ ತುಂಡನ್ನು ಅದರ ಮುಂದಿನ ತುಂಡಿಗೆ ಸೇರಿಸಿಬಿಡುವುದು. ಆಗ ‘ಶ್ರೀ’, ‘ಕೃ’, ‘ಷ್ಣ’ ಎಂದು ಸರಿಯಾಗಿ ಮೂರಾಗುತ್ತವೆ. ‘ಫೋನ್‌ಗೆ’ ಎಂಬಂಥ ಪದಗಳಲ್ಲಿ ಒತ್ತು ಮೂಡದಿರಲೆಂದು ನಡುವೆ ಅದೃಶ್ಯ ಸಂಕೇತವೊಂದನ್ನು ಹಾಕಿರುತ್ತೇವಲ್ಲ, ಅಲ್ಲಿ ತುಂಡು ಆ ಸಂಕೇತದಲ್ಲಿ ಕೊನೆಯಾಗುವುದರಿಂದ ಈ ನಿಯಮ ಅದನ್ನು ಮುಟ್ಟುವುದಿಲ್ಲ.

ಹೀಗೆ ಒಡೆದಿಟ್ಟ ಹೆಸರನ್ನು ಕಣ್ಣು ಕಾಣದವರ ತೆರೆಯೋದುಗ ತಂತ್ರಾಂಶ ತುಂಡುತುಂಡಾಗಿ ಉಚ್ಚರಿಸುವ ಸಾಧ್ಯತೆ ಇದೆ. ಅದಕ್ಕೆ ಕುಣಿಯುವ ತುಂಡುಗಳನ್ನು ಅದರಿಂದ ಮರೆಮಾಡಿ, ಇಡೀ ಹೆಸರನ್ನು ಬೇರೆಯಾಗಿ ಒದಗಿಸಬೇಕು. ಸಾಲಿನ ಎತ್ತರದ್ದು ಇನ್ನೊಂದು ಸಂಗತಿ: ಇಂಗ್ಲಿಷಿಗೆ ಹೊಂದಿಸಿದ ಗುಂಡಿಗಳಲ್ಲಿ ನಮ್ಮ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ದೂತಿಯ ತಾಣದಲ್ಲಿ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.7 ಪಟ್ಟು ಇಟ್ಟಿದ್ದೇನೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಶೋಕಿಯನ್ನು ಕನ್ನಡದ ಮಟ್ಟಿಗೆ ಪೂರ್ತಿ ಬಿಟ್ಟುಬಿಡುವುದು ಒಳ್ಳೆಯದು.

ಅಕ್ಷರವಿನ್ಯಾಸದ ಆಯ್ಕೆಯಲ್ಲಿ ಒಂದು ಖುಷಿ ಕಾದಿತ್ತು. ಮುಕ್ತ ಪರವಾನಗಿಯಲ್ಲಿ ಸಿಗುವ ‘ಬಾಲೂ ತಮ್ಮ’ ಎಂಬ ವಿನ್ಯಾಸ ದುಂಡಗೆ ದಪ್ಪಗೆ ಇದ್ದು ಶೀರ್ಷಿಕೆಗೆ ಚೆನ್ನಾಗಿ ಕಾಣುತ್ತದೆ. ನಾವು ಅದನ್ನೇ ಹಾಕಲಿದ್ದೆವು. ಆದರೆ ಅನೇಕ್ ಕನ್ನಡ ಎಂಬ ಇನ್ನೊಂದು ವಿನ್ಯಾಸದಲ್ಲಿ ದಪ್ಪವನ್ನಷ್ಟೇ ಅಲ್ಲದೆ ಅಗಲವನ್ನೂ 75ರಿಂದ 125 ಪ್ರತಿಶತದ ನಡುವೆ ಬೇಕಾದಂತೆ ಎಳೆಯಬಹುದು. ದೂತಿಯ ಮಾತಿನ ಪ್ರಾಣವೇ ಎಳೆತ. “ಬಂದ್ಯಾಽಽ ನಮ್ಮವ್ವಾಽಽ” ಎನ್ನುವಾಗ ಯಾವ ಅಕ್ಷರ ಎಷ್ಟು ಎಳೆಯಬೇಕೆಂಬುದು ಅವನಿಗೆ ಗೊತ್ತಿದೆ. ಅವನು ಹೇಳಿದಂತೆ ಆಯಾ ಅಕ್ಷರದ ಅಗಲ ತೆರೆಯ ಮೇಲೆ ಹಿಗ್ಗಿ ಮತ್ತೆ ಕುಗ್ಗುವಂತೆ ಮಾಡಿದೆ. ಧ್ವನಿ ಇಲ್ಲದೆಯೂ ಧಾಟಿ ಕೇಳಿಸಿದಂತಾಗುತ್ತದೆ. ಬಸ್ಸಿನಲ್ಲಿ ಫೋನಿನ ಸದ್ದು ಮುಚ್ಚಿ ನೋಡುವವರೇ ಹೆಚ್ಚಾಗಿರುವಾಗ ಇದು ಸಣ್ಣ ಲಾಭವಲ್ಲ.

ಸದ್ದಿನ ವಿಷಯದಲ್ಲಿ ಬ್ರೌಸರುಗಳೇ ನಮ್ಮ ಪರವಾಗಿ ಒಂದು ನಿರ್ಧಾರ ಮಾಡಿಟ್ಟಿವೆ: ನೋಡುವವರು ಪುಟವನ್ನು ಒಮ್ಮೆಯಾದರೂ ಮುಟ್ಟುವವರೆಗೆ ಸದ್ದು ತಾನಾಗಿಯೇ ಹೊರಡದಂತೆ ತಡೆಯುತ್ತವೆ. ಕ್ರೋಮ್ ಈ ಕಟ್ಟುಪಾಡನ್ನು 2018ರಲ್ಲಿ ಬಿಗಿಗೊಳಿಸಿದಾಗ ತಾಣ ಮಾಡುವ ಹಲವರು ಗೊಣಗಿದ್ದರು. ನನಗೆ ಅದು ಸರಿಯಾಗಿಯೇ ಕಾಣುತ್ತದೆ, ಅದರಲ್ಲೂ ಸಂತೆಯ ನಡುವೆ ಯಾರದೋ ಫೋನು ಒಮ್ಮೆಲೆ ಭಾಗವತಿಕೆ ಶುರು ಮಾಡುವುದನ್ನು ನೆನೆಸಿಕೊಂಡರೆ. ನಮ್ಮ ತಾಣದಲ್ಲಿ ಸದ್ದು ಇರುವುದು ‘ಸುಮ್ನ ಬಂದವ್ರ’ ಪುಟದಲ್ಲಿ ಮಾತ್ರ. ಅಲ್ಲಿ ಒಂದು ಪೇಟಿ ಇದೆ. ಅದರ ಮನೆಗಳನ್ನು (ಕೀಲಿಗಳನ್ನು) ಒತ್ತಿದರೆ ಸ್ವರ ಬರುತ್ತದೆ. ಮೇಳದ ಪೇಟಿ ಮಾಸ್ತರರ ವಾದ್ಯದಿಂದ ಒಂದೇ ಸ್ವರವನ್ನು ಧ್ವನಿಮುದ್ರಿಸಿ, ಬ್ರೌಸರಿನ ವೆಬ್ ಆಡಿಯೋ ಸೌಲಭ್ಯದಲ್ಲಿ ಅದರ ವೇಗವನ್ನು ಪ್ರತಿ ಅರ್ಧಸ್ವರಕ್ಕೆ 1.0595 ಪಟ್ಟು ಏರಿಸುತ್ತ ಹೋದರೆ ಇಡೀ ಸ್ಥಾಯಿ ಲೆಕ್ಕಕ್ಕೆ ಸಿಗುತ್ತದೆ. ಲೆಕ್ಕ ಸರಿಯಾದರೂ ಕಿವಿ ಒಪ್ಪುವುದಿಲ್ಲ. ಮೇಲಿನ ಸ್ವರಗಳಲ್ಲಿ ರೀಡಿನ ತುಂಬುದನಿ ಹೋಗಿ ಇಲಿಯ ಕೀರಲು ಬರುತ್ತದೆ. ಮಾಸ್ತರರು ಕೇಳಿ, “ಇದು ನನ್ನ ಪೇಟಿ ಅಲ್ರೀ, ಹುಡುಗ್ರ ಪೀಪಿ” ಎಂದರು. ಷಡ್ಜ, ಮಧ್ಯಮ, ಧೈವತ ಎಂದು ಮೂರು ಕಡೆ ಬೇರೆ ಬೇರೆ ಮುದ್ರಿಸಿ, ನಡುವಿನವನ್ನು ಮಾತ್ರ ಲೆಕ್ಕದಿಂದ ತುಂಬಿದ ಮೇಲೆ ಒಪ್ಪಿಗೆ ಸಿಕ್ಕಿತು. ತಪ್ಪು ಮನೆಗಳನ್ನೇ ಒತ್ತುತ್ತಿದ್ದರೆ ದೂತಿ ಮೆಲ್ಲಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳೆ.

ಅದೇ ಪುಟದಲ್ಲಿ ಆಯೇರಿಯೂ ಇದೆ. ಆಟದ ನಡುವೆ ಮೆಚ್ಚಿದವರು ಹತ್ತೋ ಐವತ್ತೋ ರೂಪಾಯಿ ಕೊಟ್ಟಾಗ ಅವರ ಹೆಸರನ್ನು ಮೈಕಿನಲ್ಲಿ ಕೂಗುವುದು ನಮ್ಮ ಕಡೆಯ ಪದ್ಧತಿ. ಕೊಟ್ಟದ್ದಕ್ಕಿಂತ ಹೆಸರು ಕೂಗಿಸಿಕೊಳ್ಳುವ ಸಂತೋಷವೇ ದೊಡ್ಡದು. ತಾಣದಲ್ಲಿ ಹಣ ತೆಗೆದುಕೊಳ್ಳುವುದಿಲ್ಲ. ಹೆಸರು, ಊರು ಬರೆದು ಒತ್ತಿದರೆ ದೂತಿ ಮೈಕು ತಟ್ಟಿ, ಕೆಮ್ಮಿ, ಆ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಸಾರಿ, ಮೊತ್ತದ ಜಾಗದಲ್ಲಿ ತನಗೆ ತೋಚಿದ್ದನ್ನು ಸೇರಿಸುತ್ತಾಳೆ: “ಒಂದು ಖಾಲಿ ಚೀಲ”, “ಮುಂದಿನ ವರ್ಷ ಕೊಡೋ ಮಾತು”. ಬರೆದದ್ದು ಬರೆದವರ ಫೋನಿನಲ್ಲಿಯೇ ಕಂಡು ಅಲ್ಲಿಯೇ ಅಳಿಸಿಹೋಗುತ್ತದೆ, ಎಲ್ಲಿಯೂ ಸಂಗ್ರಹವಾಗುವುದಿಲ್ಲ. ಎಲ್ಲರಿಗೂ ಕಾಣುವ ಪಟ್ಟಿ ಮಾಡಿದ್ದರೆ ಮೂರೇ ದಿನಕ್ಕೆ ಅದರಲ್ಲಿ ಊರಿನ ಜಗಳಗಳು ಬಂದು ಕೂರುತ್ತಿದ್ದವು. ಕಂಪ್ಯೂಟರಿನ ಸಿದ್ಧ ಧ್ವನಿಯಿಂದ ಹೆಸರು ಕೂಗಿಸೋಣವೇ ಎಂದು ಕೇಳಿದ್ದೆ. ಆ ಧ್ವನಿ ಬೆಂಗಳೂರಿನ ಬಸ್‌ಸ್ಟ್ಯಾಂಡಿನದು, ನಮ್ಮ ರಂಗದ್ದಲ್ಲ ಎಂದು ದೂತಿ ತಳ್ಳಿಹಾಕಿದ.

ಬಣ್ಣಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ದೂತಿ ಉಡುವುದು ಇಳಕಲ್ಲ ಸೀರೆ, ತೊಡುವುದು ಗುಳೇದಗುಡ್ಡ ಖಣದ ಕುಪ್ಪಸ. ಸೀರೆಯ ಟೋಪ್ ತೆನಿ ಸೆರಗಿನ ಕೆಂಪು ಬಿಳುಪು ಪುಟದ ಅಂಚಾಯಿತು, ಖಣದ ಚಿಕ್ಕ ಹೂವು ನೆಲವಾಯಿತು. ನೇಯ್ಗೆಯಲ್ಲಿ ಒಂದೇ ಹೂವು ಮತ್ತೆಮತ್ತೆ ಬರುವುದರಿಂದ ಒಂದು ಕಿಲೋಬೈಟಿಗೂ ಕಡಿಮೆಯ ಎಸ್‌ವಿಜಿ ತುಣುಕೊಂದನ್ನು ಪುನರಾವರ್ತಿಸಿದರೆ ಪುಟದ ನೆಲವೆಲ್ಲ ತುಂಬುತ್ತದೆ. ದೊಡ್ಡ ಹಿನ್ನೆಲೆಯ ಫೋಟೋ ಹಾಕಿದ್ದರೆ ಇದರ ನೂರಾರು ಪಟ್ಟು ತೂಕವಾಗುತ್ತಿತ್ತು.

ಎಲ್ಲಕ್ಕಿಂತ ಉದ್ದವಾಗಿ ಚರ್ಚೆ ನಡೆದದ್ದು ಏನನ್ನು ಹಾಕಬಾರದು ಎಂಬುದರ ಮೇಲೆ. ರಾತ್ರಿ ಎರಡು ಗಂಟೆಗೆ, ಮಕ್ಕಳು ಮಲಗಿದ ಮೇಲೆ, ದೂತಿಯ ಮಾತು ಬೇರೆಯೇ ಹದಕ್ಕೆ ತಿರುಗುತ್ತದೆ; ಅದನ್ನು ಕೇಳಲೆಂದೇ ಬರುವವರಿದ್ದಾರೆ. ಆ ತುಣುಕುಗಳಿಗೆ ಫೋನುಗಳಲ್ಲಿ ಬಹಳ ಓಡಾಟ ಇರುವುದರಿಂದ ತಾಣದಲ್ಲಿಯೂ ಒಂದೆರಡು ಇರಲಿ ಎಂದು ಮೇಳದ ಕೆಲವರು ಹೇಳಿದರು. ದೂತಿ ಒಪ್ಪಲಿಲ್ಲ. “ರಾತ್ರಿ ಮಾತು ರಾತ್ರಿಗೇ ಇರ್ಲಿ. ಅಲ್ಲಿ ಮುಂದ ಕುಂತವ್ರ ಮಾರಿ ನೋಡಿ ಮಾತಾಡತೀನಿ. ಇಲ್ಲಿ ಯಾರ ಮುಂದ ಮಾತಾಡಾಕತ್ತೀನಿ ಅಂತ ನನಗ ಹೆಂಗ ಗೊತ್ತಾಗಬೇಕು?” ಎಂದ. ಈ ಮಾತಿಗೆ ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ. ಭಾಮೆ ಮತ್ತು ರುಕ್ಮಿಣಿಯ ಪಾತ್ರ ಮಾಡುವ ಹೆಣ್ಣುಮಕ್ಕಳು ತಮ್ಮ ವೇಷದ ಚಿತ್ರ ಇರಲಿ, ಅಡ್ಡಹೆಸರು, ಊರು, ಫೋನು ಬೇಡ ಎಂದರು, ಹಾಗೆಯೇ ಮಾಡಿದೆ. ತಾಣದಲ್ಲಿರುವ ಏಕೈಕ ಫೋನ್ ಸಂಖ್ಯೆ ಮೇಳದ ವ್ಯವಹಾರಕ್ಕೆಂದೇ ಹೊಸದಾಗಿ ತೆಗೆದುಕೊಂಡದ್ದು.

ಹೊರಗಿನವರು ಮೊದಲು ನೋಡುವುದು ತಾಣವನ್ನಲ್ಲ, ವಾಟ್ಸಾಪಿನಲ್ಲಿ ಕೊಂಡಿಯ ಜೊತೆಗೆ ಕಾಣುವ ಚಿಕ್ಕ ಚಿತ್ರವನ್ನು. ಅದಕ್ಕೆ 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರದ ಚಿತ್ರವೊಂದನ್ನು ಬೇರೆಯಾಗಿಯೇ ಮಾಡಬೇಕು. ನಾಟಕದ ಹ್ಯಾಂಡ್‌ಬಿಲ್ಲು ಉದ್ದಕ್ಕಿರುತ್ತದೆ, ಇದು ಅಡ್ಡಕ್ಕೆ. ಹಾಗಾಗಿ ಹ್ಯಾಂಡ್‌ಬಿಲ್ಲಿನಂತೆ ಎಲ್ಲರ ಹೆಸರು ತುರುಕುವ ಬದಲು ಗುಲಾಬಿ ಕಾಗದದ ಬಣ್ಣದ ಮೇಲೆ ದೂತಿಯ ಒಂದು ಕಣ್ಣು, ಏರಿದ ಹುಬ್ಬು, “ಒಳಗ ಬರ್ತೀರೋ, ಅಲ್ಲೇ ನಿಂದರ್ತೀರೋ?” ಎಂಬ ಪ್ರಶ್ನೆ, ಇಷ್ಟನ್ನೇ ಇಟ್ಟೆ.

ಅಲುಗಾಟ ಕಂಡರೆ ತಲೆ ಸುತ್ತುವವರು ಫೋನಿನಲ್ಲಿ ಚಲನೆ ಕಡಿಮೆ ಮಾಡುವ ಆಯ್ಕೆಯನ್ನು ಒತ್ತಿಟ್ಟಿರುತ್ತಾರೆ. ತಾಣ ಅದನ್ನು ಗಮನಿಸಿ ಚಂದ್ರರನ್ನೂ ಅಕ್ಷರಗಳನ್ನೂ ಸುಮ್ಮನೆ ಕೂರಿಸುತ್ತದೆ, ದೂತಿಯ ಮಾತು ಮಾತ್ರ ಇರುತ್ತದೆ. ಮಾತಷ್ಟೇ ಉಳಿದಾಗಲೂ ನಗು ಬರುತ್ತದೆಯೇ ಎಂದು ಆಯ್ಕೆ ಒತ್ತಿಟ್ಟು ಪರೀಕ್ಷಿಸಿದೆವು, ಬರುತ್ತದೆ. ವಿಡಿಯೋಗಳನ್ನು ಬಿಟ್ಟರೆ ಇಡೀ ಪುಟದ ತೂಕ ಒಂದು ಎಂಬಿಯೊಳಗಿದೆ, ಸ್ಥಿರ ಪುಟಗಳಾದ್ದರಿಂದ ಇಡುವ ಜಾಗ ಪುಕ್ಕಟೆ, ವಿಳಾಸಕ್ಕೆ ಮಾತ್ರ ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕು. ದೂತಿಯ ಮಾತುಗಳೆಲ್ಲ ಅದೇ ಶೀಟಿನ ಇನ್ನೊಂದು ಹಾಳೆಯಲ್ಲಿರುವುದರಿಂದ ತಂಗಿಯ ಮಗಳು ಅವನ್ನು ಆಗಾಗ ಬದಲಿಸುತ್ತಿರುತ್ತಾಳೆ, ಪರೀಕ್ಷೆ ಹತ್ತಿರ ಬಂದಾಗ ‘ಸುಮ್ನ ಬಂದೀನ್ರಿ’ ಎಂದು ಒತ್ತಿದವರಿಗೆ “ಅಭ್ಯಾಸ ಮುಗೀತೇನು?” ಎಂಬ ಪ್ರಶ್ನೆ ಬರತೊಡಗಿತ್ತು. ನನ್ನ ಮಜೂರಿ ಮಹಾಲಿಂಗಪುರದ ಒಂದು ಪೆಂಟಿ ಬೆಲ್ಲ. ಈಗ ಪೇಟಿ ಮಾಸ್ತರರು ತಮಗೂ ಒಂದು ಬೇಕೆಂದು, ಅದರಲ್ಲಿ ಎಲ್ಲ ಸ್ವರಗಳನ್ನೂ ಬೇರೆಬೇರೆ ಮುದ್ರಿಸಬೇಕೆಂದು ಹೇಳಿ ಕಳಿಸಿದ್ದಾರೆ. ಅದು ಬೆಲ್ಲದಲ್ಲಿ ಆಗುವುದಿಲ್ಲ ಎಂದು ದೂತಿಯ ಕೈಯಲ್ಲೇ ಉತ್ತರ ಕಳಿಸಿದ್ದೇನೆ.